ಬಡ ಮಕ್ಕಳ ಶಾಲೆ ಮತ್ತು ಗೈರುಹಾಜರಿ: ಒಂದು ಅಭ್ಯಾಸ ಪಾಠ

ಕ್ರೈಸ್ತ ಮಿಷನರಿಗಳ ಶಿಕ್ಷಣ ಸೇವೆಯ ಬಗ್ಗೆ ನಾವು ಬರೆಯುವ ಪಾಠಯೋಜನೆಗಳಲ್ಲಿ ‘ಬಡ ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು’ ಎಂಬ ವಾಕ್ಯ ತಪ್ಪದೆ ಬರುತ್ತದೆ. ತೆರೆದ ಶಾಲೆಯಲ್ಲಿ ಬಡ ಮಕ್ಕಳು ಉಳಿದದ್ದು ಹೇಗೆ ಎಂಬುದು ಬರುವುದಿಲ್ಲ. ಸಿರುಗುಪ್ಪದ ಪ್ರೌಢಶಾಲೆಯೊಂದರ ಒಂಬತ್ತನೆಯ ತರಗತಿಯಲ್ಲಿ ಈ ಎರಡನೆಯ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ.

ಪೀಠಿಕೆ ಚಿಕ್ಕದು. ಬಳ್ಳಾರಿ ಕಥೋಲಿಕ ಧರ್ಮಪ್ರಾಂತ್ಯ ರೂಪುಗೊಂಡದ್ದು 1949ರಲ್ಲಿ. ಬಳ್ಳಾರಿ ಆಗಿನ್ನೂ ಮದ್ರಾಸಿಗೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ. ಬಡವರಿಗಾಗಿ ಶಾಲೆ ಕಟ್ಟುವ ಕಥೋಲಿಕ ಪರಂಪರೆ ಇದಕ್ಕಿಂತ ಬಹಳ ಹಳೆಯದೆಂದು ಹೇಳಿ ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ (1651–1719) ಅವರ ಕಡೆಗೆ ತಿರುಗಿದೆ. ಓದು ಕಲಿಸಲು ಲ್ಯಾಟಿನ್ ಮೊದಲು ಎಂಬ ರೂಢಿಯನ್ನು ಬಿಟ್ಟು ಅವರು ಮಕ್ಕಳ ಮಾತಾದ ಫ್ರೆಂಚನ್ನು ಮುಂದಿಟ್ಟರು. ಕಾರಣ ಸರಳ: ಬಡ ಮಕ್ಕಳು ಶಾಲೆಯಲ್ಲಿರುವುದೇ ಸ್ವಲ್ಪ ಕಾಲ, ಅಷ್ಟರಲ್ಲಿ ಉಪಯೋಗಕ್ಕೆ ಬರುವುದನ್ನು ಕಲಿಯಬೇಕು. 1720ರಲ್ಲಿ ಅಚ್ಚಾದ ಅವರ ಶಾಲಾ ಕೈಪಿಡಿಯಲ್ಲಿ ಗೈರುಹಾಜರಿಗೇ ಒಂದು ಭಾಗವಿದೆ. ಬಾರದ ಮಕ್ಕಳ ಮನೆಗೆ ಹೋಗಿ ವಿಚಾರಿಸಲು ವಿದ್ಯಾರ್ಥಿಗಳನ್ನೇ ನೇಮಿಸುತ್ತಿದ್ದರು.

‘ನಮ್ಮಲ್ಲಿ ಯಾಕೆ ತಪ್ಪಿಸ್ತಾರೆ?’ ಎಂದು ಕೇಳಿ ಉತ್ತರಗಳನ್ನು ಕಪ್ಪು ಹಲಗೆಯ ಮೇಲೆ ಬರೆದೆ. ಮೆಣಸಿನಕಾಯಿ ಬಿಡಿಸೋಕೆ, ಹತ್ತಿ ಬಿಡಿಸೋಕೆ, ತಮ್ಮನ್ನ ನೋಡ್ಕೊಳ್ಳೋಕೆ, ಗುಳೆ. ಕುರುಗೋಡು ಕಡೆಯಿಂದ ಬಂದಿದ್ದ ಹುಡುಗಿಯೊಬ್ಬಳು ಎದ್ದು, ‘ಫೀಸು ಇಲ್ಲಂದ್ರೂ ಕೂಲಿ ಹೋಗ್ತದಲ್ರೀ ಸಾರ್’ ಎಂದಳು. ಆ ದಿನದ ಪಾಠವೆಲ್ಲ ಆ ಒಂದು ಮಾತಿನಲ್ಲಿತ್ತು. ಉಚಿತ ಶಾಲೆ ಶುಲ್ಕ ಬಿಡಬಹುದು, ಕೈತಪ್ಪಿದ ಕೂಲಿಯನ್ನು ತುಂಬಿಕೊಡಲಾರದು.

ಕಾನೂನಿನ ಭಾಗವನ್ನು ಬೇಗ ಮುಗಿಸಿದೆ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಮೊದಲ ತರಗತಿಯಲ್ಲಿ ಶೇ. 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಡುತ್ತದೆ. ಆದರೆ 2014ರ ಪ್ರಮತಿ ತೀರ್ಪಿನ ಪ್ರಕಾರ ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹೀಗಾಗಿ ಬಡವರಿಗೆಂದು ಹುಟ್ಟಿದ ಶಾಲೆ ಇಂದೂ ಬಡವರದ್ದಾಗಿ ಉಳಿಯುವುದು ಆಡಳಿತ ಮಂಡಳಿಯ ಮನಸ್ಸಿಗೆ ಬಿಟ್ಟದ್ದು. ಇದು ನನಗೆ ಸಮಾಧಾನ ತರುವ ವ್ಯವಸ್ಥೆಯಲ್ಲ. ಸ್ಥಾಪಕರ ಉದ್ದೇಶವನ್ನು ಪ್ರವೇಶಾತಿಯ ಪಟ್ಟಿಯಲ್ಲೇ ಹುಡುಕಬೇಕು.

ಮೌಲ್ಯಮಾಪನಕ್ಕೆ ಪ್ರಶ್ನೋತ್ತರ ಕೊಡಲಿಲ್ಲ. ಎರಡು ತಿಂಗಳು ಗುಳೆ ಹೋಗಿ ಮರಳಿದ ಗೆಳತಿಗೆ ಮೊದಲ ವಾರ ಏನೇನು ಹೇಳಿಕೊಡುತ್ತೀರಿ ಎಂದು ಗುಂಪುಗಳಲ್ಲಿ ಬರೆಯಲು ಹೇಳಿದೆ. ಮೂರು ಗುಂಪುಗಳು ಗಣಿತದಿಂದ ಆರಂಭಿಸಿದವು. ನಾಲ್ಕನೆಯದು ಮೊದಲ ಸಾಲಿನಲ್ಲೇ ಬರೆದಿತ್ತು: ‘ಅವಳ ಜಾಗದಲ್ಲಿ ಬೇರೆಯವರು ಕೂತಿದ್ರೆ ಎಬ್ಬಿಸಬೇಕು.’