ನುಡಿಯ ದಾಸೋಹ

ದಾಸೋಹವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮಠದ ಪಂಕ್ತಿ, ಬಡಿಸುವ ಕೈ, ಉಂಡು ತಣಿದ ಮುಖ. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907–2019) ಅನ್ನದೊಡನೆ ಅಕ್ಷರವನ್ನೂ ಆಶ್ರಯವನ್ನೂ ಕೂಡಿಸಿ ತ್ರಿವಿಧ ದಾಸೋಹವನ್ನು ನಡೆಸಿ ತೋರಿದರು. ಹೊಟ್ಟೆಯ ಹಸಿವಿನಂತೆ ನುಡಿಯ ಹಸಿವೂ ಉಂಟೆಂಬುದನ್ನು ಭಕ್ತರಾದವರು ಅರಿಯಬೇಕು.

ಪರದೇಶದಲ್ಲಿ ನೆಲೆಸಿದ ಕೆಲವರು ಬಿಡುವಿನ ವೇಳೆಯಲ್ಲಿ, ಅಲ್ಲಿಗೆ ಓಡಿಬಂದ ನಿರಾಶ್ರಿತರಿಗೆ ಇಂಗ್ಲಿಷ್ ಕಲಿಸುವ ಸೇವೆಯನ್ನು ಕೈಕೊಳ್ಳುವುದುಂಟು. ಇದನ್ನು ಕೇಳಿ ಮೆಚ್ಚುವ ನಾವು, ನಮ್ಮ ಬಾಗಿಲ ಮುಂದೆಯೇ ಕಾದಿರುವ ಅಂಥದೇ ಸೇವೆಯನ್ನು ಕಾಣಬೇಡವೇ? ಬೆಂಗಳೂರಿನಿಂದ ಸಿದ್ಧಗಂಗೆಗೆ ಹೋಗುವ ತುಮಕೂರು ರಸ್ತೆಯಲ್ಲಿಯೇ ಪೀಣ್ಯವಿದೆ. 1970ರ ದಶಕದಲ್ಲಿ ಬೆಳೆದ ಆ ಕೈಗಾರಿಕಾ ಪ್ರದೇಶದಲ್ಲಿ ಒಡಿಶಾ, ಬಿಹಾರ, ಅಸ್ಸಾಂ ಮೊದಲಾದ ಸೀಮೆಗಳವರು ಲೇತ್, ಪ್ರೆಸ್ಸು, ಹೊಲಿಗೆಯಂತ್ರಗಳ ಮುಂದೆ ದುಡಿಯುತ್ತಾರೆ. ಇವರು ನಿರಾಶ್ರಿತರಲ್ಲ, ಕಾಯಕವನ್ನರಸಿ ಬಂದವರು. ಆದರೂ ಹೊಸದಾಗಿ ಬಂದವನು ಗೋಡೆಯ ಮೇಲಿನ ‘ಅಪಾಯ’ ಎಂಬ ಬರಹವನ್ನು ಓದಲಾರನು. ಕೈಗೆ ಪೆಟ್ಟಾದರೆ ನೋಯುವ ಠಾವನ್ನು ತೋರಬಲ್ಲನು, ನೋವಿನ ಬಗೆಯನ್ನು ಹೇಳಲಾರನು. ಕೂಲಿ ಕಡಿಮೆಯಾದರೆ ಕೇಳಲಾರನು.

ಹೊರಗಿನವರಿಗೆ ನಮ್ಮ ನುಡಿ ಬಂದೀತೇ ಎಂದು ಸಂಶಯಪಡುವವರು ಶರಣರ ಚರಿತ್ರೆಯನ್ನು ನೆನೆಯಲಿ. ಆದಯ್ಯನು ವ್ಯಾಪಾರಕ್ಕಾಗಿ ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದವನು. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆ ಮಾರಿ ಬಾಳಿದನೆಂದು ಪರಂಪರೆ ಹೇಳುತ್ತದೆ. ಇಬ್ಬರೂ ಕನ್ನಡದಲ್ಲಿಯೇ ವಚನಗಳನ್ನು ರಚಿಸಿದರು. ಅವರಿಗೆ ಮೊದಲ ಕನ್ನಡ ಮಾತನ್ನು ಕಲಿಸಿದವರ ಹೆಸರು ಉಳಿದಿಲ್ಲ. ಆ ಹೆಸರಿಲ್ಲದವರ ದಾಸೋಹದ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಆದಯ್ಯನ ಅಂಕಿತವಾದರೋ ‘ಸೌರಾಷ್ಟ್ರ ಸೋಮೇಶ್ವರ’. ನುಡಿ ಕನ್ನಡವಾಯಿತು, ತವರಿನ ನೆನಪು ಅಳಿಯಲಿಲ್ಲ. ಕಲಿಸುವವರು ಮನಸ್ಸಿನಲ್ಲಿಡತಕ್ಕ ಮಾತಿದು.

ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ. ದಾಸೋಹದಲ್ಲಿ ಕೊಡುವವನೇ ದಾಸನು. ಆದುದರಿಂದ ಕಲಿಸಹೊರಟವನು ಮೊದಲು ಬಂದವನ ಹೆಸರನ್ನು ತಪ್ಪಿಲ್ಲದೆ ಕರೆಯಲು ತಾನು ಕಲಿಯತಕ್ಕದ್ದು. ವರ್ಣಮಾಲೆಗಿಂತ ಮುಂಚೆ ‘ನಿಲ್ಲಿಸಿ’, ‘ನೋಯುತ್ತಿದೆ’, ‘ನನ್ನ ಕೂಲಿ ಎಷ್ಟು?’ ಎಂಬ ಮಾತುಗಳನ್ನು ಕಲಿಸತಕ್ಕದ್ದು. ಅವನು ತಪ್ಪಿ ನುಡಿದರೆ ನಗಬಾರದು. ಕನ್ನಡ ಬಾರದವನೆಂದು ಜರಿಯಲು ಒಂದು ಗಳಿಗೆ ಸಾಕು. ಕಲಿಸಲು ತಾಳ್ಮೆ ಬೇಕು, ಅದೇ ಕಾಯಕ.

ಇದಕ್ಕೆ ಕಟ್ಟಡ ಬೇಡ, ಹಣ ಬೇಡ. ವಾರಕ್ಕೊಂದು ಗಂಟೆ, ಮನೆಯ ಜಗಲಿ, ಒಂದು ಹಲಗೆ ಇದ್ದರೆ ಸಾಕು. ಜಂಗಮವೆಂದರೆ ಚಲಿಸುವುದು. ನಾಡಿನಿಂದ ನಾಡಿಗೆ ನಡೆದು ಬಂದ ಕಾಯಕಜೀವಿಯನ್ನು ಸದ್ಭಕ್ತನು ಬರಿಗೈಯಲ್ಲಿ ಕಳುಹುವುದಿಲ್ಲ, ಬರಿಬಾಯಲ್ಲಿಯೂ ಕಳುಹಬಾರದು.