ಪಿತ್ತಕೋಶವೂ ಅದರ ಹರಳುಗಳೂ

ಸಿಟ್ಟಿಗೆದ್ದವನನ್ನು ಕಂಡು ‘ಪಿತ್ತ ನೆತ್ತಿಗೇರಿದೆ’ ಎನ್ನುವುದು ನಮ್ಮ ರೂಢಿ. ಆದರೆ ಪಿತ್ತವು ನೆತ್ತಿಗೇರುವ ವಸ್ತುವಲ್ಲ. ಅದು ಆಹಾರ ಜೀರ್ಣವಾಗಲು ನೆರವಾಗುವ ಹಳದಿ ಮಿಶ್ರಿತ ಹಸಿರು ಬಣ್ಣದ ಕಹಿರಸ. ಯಕೃತ್ತಿನಲ್ಲಿ ಹುಟ್ಟುವ ಈ ರಸವು, ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ ಯಕೃತ್ತಿಗೆ ಅಂಟಿಕೊಂಡಿರುವ ಎಳೆಬದನೆಯಂತಹ ಚೀಲವೊಂದರಲ್ಲಿ ಶೇಖರವಾಗುತ್ತದೆ. ಅದೇ ಪಿತ್ತಕೋಶ. ಅದು ಹಿಡಿಯುವುದು ಸುಮಾರು 30ರಿಂದ 50 ಮಿಲಿಲೀಟರ್ ರಸವನ್ನು ಮಾತ್ರ. ನಾವು ಎಣ್ಣೆ, ತುಪ್ಪ ಬೆರೆತ ಊಟ ಮಾಡಿದೊಡನೆ ಪಿತ್ತಕೋಶವು ಸಂಕುಚಿಸಿ ರಸವನ್ನು ಸಣ್ಣಕರುಳಿಗೆ ಕಳುಹಿಸುವುದು. ಸಾಬೂನು ಜಿಡ್ಡನ್ನು ಬಿಡಿಸುವಂತೆ ಪಿತ್ತರಸವು ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ.

ಇಂತಹ ರಸದಲ್ಲಿ ಹರಳು ಹುಟ್ಟುವುದೆಂತು? ಗಟ್ಟಿಯಾದ ಸಕ್ಕರೆಪಾಕವನ್ನು ಅಲುಗಿಸದೆ ಇಟ್ಟರೆ ಕಲ್ಲುಸಕ್ಕರೆ ಕಟ್ಟುವುದನ್ನು ನೀವು ಬಲ್ಲಿರಿ. ಹಾಗೆಯೇ ಪಿತ್ತರಸದಲ್ಲಿ ಕೊಲೆಸ್ಟರಾಲ್ ಎಂಬ ಕೊಬ್ಬಿನ ಅಂಶವು ಕರಗುವ ಮಿತಿಯನ್ನು ಮೀರಿದಾಗ, ಇಲ್ಲವೆ ಚೀಲವು ಸರಿಯಾಗಿ ಬರಿದಾಗದಿದ್ದಾಗ, ಹರಳುಗಳು ಕಟ್ಟುತ್ತವೆ. ಪಿತ್ತದ ಬಣ್ಣದ ಅಂಶದಿಂದ ಆಗುವ ಕಪ್ಪು ಹರಳುಗಳೂ ಉಂಟು. ಗಂಡಸರಿಗಿಂತ ಹೆಂಗಸರಲ್ಲಿ ಈ ರೋಗ ಹೆಚ್ಚು. ಬಸಿರು, ಸ್ಥೂಲಕಾಯ, ನಲವತ್ತು ದಾಟಿದ ವಯಸ್ಸು, ಸಕ್ಕರೆ ಕಾಯಿಲೆ, ದೀರ್ಘ ಉಪವಾಸ, ತೂಕವನ್ನು ಅವಸರದಿಂದ ಇಳಿಸುವುದು, ಇವೆಲ್ಲ ಅದಕ್ಕೆ ಎಡೆಗೊಡುತ್ತವೆ.

ಹರಳಿರುವ ಅನೇಕರಿಗೆ ಯಾವ ಬಾಧೆಯೂ ಇರುವುದಿಲ್ಲ. ಅಂಥವರಿಗೆ ಸಾಮಾನ್ಯವಾಗಿ ಚಿಕಿತ್ಸೆಯೂ ಬೇಕಿಲ್ಲ. ಹರಳು ಕೋಶದ ಬಾಯಿಗೆ ಸಿಕ್ಕಿಕೊಂಡಾಗ ಮಾತ್ರ ಹೊಟ್ಟೆಯ ಮೇಲ್ಭಾಗದ ನಡುವೆ ಅಥವಾ ಬಲಗಡೆ ತೀವ್ರವಾದ ನೋವು ಏಳುತ್ತದೆ. ಅದು ಬೆನ್ನಿಗೋ ಬಲಹೆಗಲಿಗೋ ಹರಿದು, ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಇರಬಹುದು. ಜನರು ಇದನ್ನು ‘ಗ್ಯಾಸ್’ ಎಂದು ತಿಳಿದು ಸೋಡಾ ಕುಡಿದು ಸುಮ್ಮನಾಗುತ್ತಾರೆ. ಅಪಾಯವಿರುವುದು ಇಲ್ಲಿಯೇ. ನೋವು ಇಳಿಯದೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾಗಿ ಮಲ ಬಿಳಿಚಿಕೊಂಡರೆ, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಹರಳು ನಾಳಕ್ಕಿಳಿದರೆ ಕಾಮಾಲೆಯೂ, ಮೇದೋಜೀರಕ ಗ್ರಂಥಿಯ ಉರಿಯೂತವೂ ಬರಬಹುದು. ಮೇಲ್ಹೊಟ್ಟೆಯ ನೋವು ಕೆಲವೊಮ್ಮೆ ಹೃದಯದ ತೊಂದರೆಯೂ ಆಗಿರಬಹುದಾದ್ದರಿಂದ ಅದನ್ನು ಮನೆಯಲ್ಲಿ ನಿರ್ಣಯಿಸುವುದು ಸಲ್ಲದು.

ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಹರಳು ಸುಲಭವಾಗಿ ಕಾಣುತ್ತದೆ. ಬಾಧಿಸುವ ಹರಳಿಗೆ ನಿಶ್ಚಿತ ಪರಿಹಾರವೆಂದರೆ ಪಿತ್ತಕೋಶವನ್ನೇ ತೆಗೆಯುವುದು. 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಇದನ್ನು ಮೊದಲು ಮಾಡಿದರು. ಈಗ ದೊಡ್ಡ ಗಾಯವಿಲ್ಲದೆ, ಸಣ್ಣ ರಂಧ್ರಗಳ ಮೂಲಕ ಲ್ಯಾಪರೊಸ್ಕೋಪಿನಿಂದ ಮಾಡುತ್ತಾರೆ. ಕೋಶವಿಲ್ಲದಿದ್ದರೂ ಯಕೃತ್ತಿನ ರಸವು ನೇರವಾಗಿ ಕರುಳಿಗೆ ಹರಿಯುವುದರಿಂದ ಜೀರ್ಣಕ್ರಿಯೆ ನಡೆಯುತ್ತದೆ.

ಇಂತಹ ಶಸ್ತ್ರಕ್ರಿಯೆಗಳಿಗೆ ರೋಗಿಯ ಅರಿವು ತಪ್ಪಿಸುವ ಔಷಧವು ಅವಶ್ಯ. ಆ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಹೈದರಾಬಾದಿಗೂ ಸ್ಥಾನವುಂಟು. 1888 ಮತ್ತು 1889ರಲ್ಲಿ, ನಿಜಾಮರ ನೆರವಿನಿಂದ, ಎಡ್ವರ್ಡ್ ಲಾರಿ ಎಂಬ ವೈದ್ಯರು ಇಲ್ಲಿ ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದರು. ಆ ಔಷಧವು ಹೃದಯವನ್ನು ನೇರವಾಗಿ ಕೆಡಿಸದೆಂಬ ಅವರ ತೀರ್ಮಾನ ಮುಂದೆ ತಪ್ಪೆಂದು ಸಿದ್ಧವಾಯಿತು. ರೋಗಿಯ ಉಸಿರಾಟವನ್ನು ಎಡೆಬಿಡದೆ ಗಮನಿಸಬೇಕೆಂಬ ಪಾಠ ಮಾತ್ರ ಉಳಿಯಿತು. ಇಲ್ಲಿಯೇ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬ ಮಹಿಳೆ ಕ್ಲೋರೋಫಾರ್ಮ್ ಕೊಡುವ ವೈದ್ಯೆಯಾಗಿ ಹೆಸರಾದರು.

ವಿದ್ಯಾರ್ಥಿಗಳೇ, ಗಮನಿಸುವ ಆ ಕೆಲಸವು ಮನೆಯಲ್ಲಿ ನಿಮ್ಮದು. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣುವ ತಾಯಂದಿರು ತಮ್ಮ ನೋವನ್ನು ನಾಳೆಗೆ ದೂಡುತ್ತಾರೆ. ಊರು ಬಿಟ್ಟು ಬಂದ ನಮ್ಮ ಎಷ್ಟೋ ಮನೆಗಳಲ್ಲಿ ತಾಯಿಗೆ ಬರುವುದು ಕನ್ನಡವೊಂದೇ; ವೈದ್ಯರಾಡುವುದು ತೆಲುಗು ಇಲ್ಲವೆ ಉರ್ದು. ಈ ಮೂರನ್ನೂ ಬಲ್ಲವರು ನೀವು. ಜೊತೆಗೆ ಹೋಗಿರಿ. ನೋವು ಎಲ್ಲಿ, ಯಾವ ಊಟದ ಮೇಲೆ, ಎಷ್ಟು ಹೊತ್ತು, ಜ್ವರವಿತ್ತೇ, ಕಣ್ಣು ಹಳದಿಯಾಗಿತ್ತೇ ಎಂಬ ಐದು ಸಂಗತಿಗಳನ್ನು ತಪ್ಪದೆ ಹೇಳಿರಿ. ‘ಹೊಟ್ಟೆನೋವು’ ಎಂಬ ಒಂದೇ ಮಾತಿಗಿಂತ ಈ ಐದು ಉತ್ತರಗಳು ವೈದ್ಯರಿಗೆ ಹೆಚ್ಚು ದಾರಿ ತೋರುವುವು.