ಅಜ್ಜಿಯ ಫ್ಲಿಟ್, ಮೊಮ್ಮಗಳ ಸ್ಪ್ರೇ

ಪ್ರಶ್ನೆ: ಸಂಜೆಯಾದರೆ ಸಾಕು, ವೃಷಭಾವತಿ ಹೊಳೆಯ ಕಡೆಯಿಂದ ಸೊಳ್ಳೆಗಳ ದಂಡು ಮನೆಗೆ ನುಗ್ಗುತ್ತದೆ. ನಾನು ಸ್ಪ್ರೇ ಡಬ್ಬಿ ಕೈಗೆತ್ತಿಕೊಂಡರೆ ನಮ್ಮಜ್ಜಿ ‘ಫ್ಲಿಟ್ ಹೊಡಿ, ಫ್ಲಿಟ್ ಹೊಡಿ’ ಅನ್ನುತ್ತಾರೆ. ಫ್ಲಿಟ್ ಅಂದರೆ ಇದೇನಾ? ಪಂಪು ಒತ್ತದೆ ಡಬ್ಬಿಯಿಂದ ಔಷಧಿ ಹೇಗೆ ಚಿಮ್ಮುತ್ತದೆ? ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಡಬ್ಬಿ ತಣ್ಣಗಾಗುವುದು ಯಾಕೆ?
– ಓದುಗರೊಬ್ಬರು, ಚಂದ್ರಾ ಲೇಔಟ್, ಬೆಂಗಳೂರು

ಉತ್ತರ: ಫ್ಲಿಟ್ ಎಂಬುದು 1920ರ ದಶಕದಲ್ಲಿ ಅಮೆರಿಕದ ಪೇಟೆಗೆ ಬಂದ ಒಂದು ಕೀಟನಾಶಕದ ಹೆಸರು. ಅದನ್ನು ಹೊಡೆಯುತ್ತಿದ್ದ ತಗಡಿನ ಕೈಪಂಪಿಗೂ ಅದೇ ಹೆಸರು ಅಂಟಿಕೊಂಡಿತು. ಮುಂದೆ ಒಂದು ಪುಟ್ಟ ಡಬ್ಬಿ, ಹಿಂದೆ ಸೈಕಲ್ ಪಂಪಿನಂಥ ಕೊಳವೆ. ಹಿಡಿಯನ್ನು ದೂಡಿದಾಗ ಗಾಳಿ ರಭಸದಿಂದ ನುಗ್ಗಿ, ಡಬ್ಬಿಯಲ್ಲಿರುವ ದ್ರವವನ್ನು ಸಣ್ಣ ನಳಿಕೆಯ ಮೂಲಕ ಮೇಲೆಳೆದು ಚದುರಿಸುತ್ತಿತ್ತು. ಅಂದರೆ ಅಲ್ಲಿ ಕೆಲಸ ಮಾಡುತ್ತಿದ್ದದ್ದು ಹೊಡೆಯುವವರ ರಟ್ಟೆ. ನಿಮ್ಮ ಕೈಯಲ್ಲಿರುವ ಡಬ್ಬಿಯಲ್ಲಿ ಆ ಕೆಲಸ ಮಾಡುವುದು ಅನಿಲ. ಅಜ್ಜಿ ಹೇಳುವ ಫ್ಲಿಟ್‌ಗೂ ನಿಮ್ಮ ಸ್ಪ್ರೇಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಆ ಅನಿಲವನ್ನು ಡಬ್ಬಿಯೊಳಗೆ ಒತ್ತಡದಲ್ಲಿ ದ್ರವವಾಗಿಸಿ ತುಂಬಿರುತ್ತಾರೆ. ಇಂದಿನ ಎಷ್ಟೋ ಡಬ್ಬಿಗಳಲ್ಲಿ ಇರುವುದು ಬ್ಯೂಟೇನ್, ಪ್ರೋಪೇನ್, ಅಂದರೆ ಅಡುಗೆ ಸಿಲಿಂಡರಿನಲ್ಲಿರುವ ಗ್ಯಾಸೇ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಪ್ರೋಪೇನ್ ಮೈನಸ್ 42ರಲ್ಲಿ. ಹಾಗಾಗಿ ನಮ್ಮ ಮನೆಯ ಬಿಸಿಯಲ್ಲಿ ಅವಕ್ಕೆ ಸದಾ ಕುದಿಯುವ ಆತುರ, ಮುಚ್ಚಳ ಮಾತ್ರ ತಡೆದಿರುತ್ತದೆ. ಗುಂಡಿ ಒತ್ತಿದ ಕೂಡಲೇ ದಾರಿ ಸಿಕ್ಕಿ ಔಷಧಿಯನ್ನೂ ಹೊತ್ತುಕೊಂಡು ಹೊರಗೆ ಹಾರುತ್ತವೆ. ಒಳಗೆ ಖಾಲಿಯಾದ ಜಾಗವನ್ನು ಇನ್ನಷ್ಟು ದ್ರವ ಕುದಿದು ತುಂಬುತ್ತದೆ. ಸಿಲಿಂಡರ್ ಮುಗಿಯುತ್ತ ಬಂದರೂ ಒಲೆಯ ಉರಿ ಬಹಳ ಹೊತ್ತು ಒಂದೇ ಸಮ ಇರುವುದು ಇದೇ ಕಾರಣಕ್ಕೆ.

ಕುದಿಯಲು ಶಾಖ ಬೇಕಲ್ಲ? ಒಲೆಯಿಲ್ಲದ ಆ ಡಬ್ಬಿ ಶಾಖವನ್ನು ತನ್ನ ತಗಡಿನಿಂದ, ನಿಮ್ಮ ಅಂಗೈಯಿಂದ ಕಿತ್ತುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಇದೇ ಲೆಕ್ಕದಲ್ಲಿ.

ಅನಿಲದ ಬಲದಿಂದ ಡಬ್ಬಿಯ ದ್ರವ ಚಿಮ್ಮಿಸುವ ಈ ಉಪಾಯವನ್ನು ಪೇಟೆಂಟ್ ಮಾಡಿಸಿದ್ದು ನಾರ್ವೆಯ ಎಂಜಿನಿಯರ್ ಎರಿಕ್ ರೋಥೈಮ್, 1920ರ ದಶಕದ ಉತ್ತರಾರ್ಧದಲ್ಲಿ. ಉಪಾಯವೇನೋ ಚೆನ್ನಾಗಿತ್ತು, ವ್ಯಾಪಾರ ಕುದುರಲಿಲ್ಲ. ಅದಕ್ಕೆ ಗಿರಾಕಿ ಹುಡುಕಿಕೊಟ್ಟದ್ದು ಎರಡನೇ ಮಹಾಯುದ್ಧ, ಮತ್ತು ಸೊಳ್ಳೆ. ಪೆಸಿಫಿಕ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರು ಮಲೇರಿಯಾದಿಂದ ಮಲಗುತ್ತಿದ್ದರು. ಅಮೆರಿಕದ ಕೃಷಿ ಇಲಾಖೆಯ ಲೈಲ್ ಗುಡ್‌ಹ್ಯೂ ಮತ್ತು ವಿಲಿಯಂ ಸಲ್ಲಿವನ್ ಒಂದು ಗಟ್ಟಿ ಉಕ್ಕಿನ ಡಬ್ಬಿ ತಯಾರಿಸಿದರು. 1943ರಲ್ಲಿ ಪೇಟೆಂಟ್ ಸಿಕ್ಕಿತು. ಸೈನಿಕರು ಅದನ್ನು ‘ಬಗ್ ಬಾಂಬ್’ ಎಂದರು. ಒಳಗಿದ್ದ ವಿಷ ಪೈರೆಥ್ರಮ್, ನಮ್ಮ ಸೇವಂತಿಗೆಯ ಹತ್ತಿರದ ನಂಟ ಗಿಡವೊಂದರ ಹೂವಿನ ಸಾರ. ಆ ವಿಷದ ಚುರುಕು ಹೆಚ್ಚಿಸಲು ಬೆರೆಸಿದ್ದು ಎಳ್ಳೆಣ್ಣೆ! ಹೊರಗೆ ನೂಕಲು ಫ್ರಿಯಾನ್-12 ಅನಿಲ. ಡೇರೆಯಲ್ಲೋ ವಿಮಾನದಲ್ಲೋ ಸ್ವಲ್ಪ ಹೊತ್ತು ಬಿಟ್ಟರೆ ಮಂಜಿನಂತೆ ತೇಲಿ ಸೊಳ್ಳೆಗಳನ್ನು ಉರುಳಿಸುತ್ತಿತ್ತು. ಅಂಥ ಡಬ್ಬಿಗಳು ಕೋಟಿಗಟ್ಟಲೆ ತಯಾರಾದವು.

ಅದೇ ಹೊತ್ತಿನಲ್ಲಿ ನಮ್ಮ ಕಡೆ ಏನಾಗುತ್ತಿತ್ತು? ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕೆನರಾ (ಇಂದಿನ ಉತ್ತರ ಕನ್ನಡ) ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮಲೇರಿಯಾ ಮನೆಮಾಡಿತ್ತು. 1945-46ರ ಸುಮಾರಿಗೆ ಮಲೇರಿಯಾ ತಜ್ಞ ಡಾ. ಡಿ.ಕೆ. ವಿಶ್ವನಾಥನ್ ಅಲ್ಲಿ ಮನೆಗಳ ಒಳಗೋಡೆಗೆ ಡಿಡಿಟಿ ಹೊಡೆಸುವ ಕೆಲಸ ಆರಂಭಿಸಿದರು. ಅದಕ್ಕೆ ಬೇಕಾದದ್ದು ಸ್ಪ್ರೇ ಡಬ್ಬಿಯಲ್ಲ, ಕೈಪಂಪೇ. ಗಾಳಿಯಲ್ಲಿ ತೇಲುವ ಮಂಜು ಸ್ವಲ್ಪ ಹೊತ್ತಿಗೆ ಕರಗುತ್ತದೆ. ಗೋಡೆಗೆ ಹತ್ತಿದ ಡಿಡಿಟಿ ತಿಂಗಳುಗಟ್ಟಲೆ ಉಳಿದು, ರಕ್ತ ಹೀರಿ ಗೋಡೆಯ ಮೇಲೆ ಸುಧಾರಿಸಿಕೊಳ್ಳುವ ಸೊಳ್ಳೆಯನ್ನು ಕೊಲ್ಲುತ್ತದೆ. ಒಂದು ರಾತ್ರಿ ತಂಗುವ ಸೈನಿಕನಿಗೆ ಡಬ್ಬಿ ಸರಿ, ವರ್ಷವಿಡೀ ಬಾಳುವ ಊರಿಗೆ ಗೋಡೆಯೇ ಸರಿ. 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದಾಗ ಹಿಡಿದದ್ದೂ ಇದೇ ದಾರಿ. ‘ಡಿಡಿಟಿ ಹೊಡೆಯೋರು ಬಂದ್ರು’ ಎಂಬ ಕೂಗು ನಿಮ್ಮಜ್ಜಿಗೆ ನೆನಪಿದ್ದೀತು, ಕೇಳಿ ನೋಡಿ.

ಯುದ್ಧ ಮುಗಿದ ಮೇಲೆ ಡಬ್ಬಿ ಹಗುರಾಯಿತು. 1949ರಲ್ಲಿ ರಾಬರ್ಟ್ ಆಬ್‌ಪ್ಲನಾಲ್ಪ್ ಅಗ್ಗದ, ಸೋರದ ವಾಲ್ವ್ ಕಂಡುಹಿಡಿದರು. ಅದೇ ವರ್ಷ ಎಡ್ವರ್ಡ್ ಸೆಮೂರ್ ಎಂಬ ಬಣ್ಣದ ವ್ಯಾಪಾರಿ, ಹೆಂಡತಿ ಬಾನಿ ಕೊಟ್ಟ ಸಲಹೆಯಂತೆ, ಅಲ್ಯೂಮಿನಿಯಂ ಬಣ್ಣವನ್ನು ಡಬ್ಬಿಗೆ ತುಂಬಿದರು. ಆಮೇಲೆ ಕೂದಲಿಗೆ, ಕಂಕುಳಿಗೆ, ಆಸ್ತಮಾ ರೋಗಿಯ ಎದೆಗೆ, ಹೀಗೆ ಡಬ್ಬಿ ಹೋಗದ ಜಾಗವಿಲ್ಲ.

1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್, ಫ್ರಿಯಾನ್ ಜಾತಿಯ ಅನಿಲಗಳು ಓಝೋನ್ ಪದರವನ್ನು ತಿನ್ನುತ್ತವೆ ಎಂದು ತೋರಿಸಿದರು. ಅಂಥ ಅನಿಲಗಳನ್ನು ಕೈಬಿಡಲೆಂದು ಆದ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಹೀಗೆ ಹೊತ್ತಿ ಉರಿಯದ ಫ್ರಿಯಾನ್ ಹೋಗಿ, ಉರಿಯುವ ಅಡುಗೆ ಗ್ಯಾಸ್ ಡಬ್ಬಿಯೊಳಗೆ ಬಂತು. ಆಕಾಶಕ್ಕೆ ಒಳ್ಳೆಯದಾಯಿತು, ಅಡುಗೆಮನೆಯಲ್ಲಿ ಮಾತ್ರ ನಾವು ಎಚ್ಚರವಾಗಿರಬೇಕಾಯಿತು.

ಆದ್ದರಿಂದ ದೇವರ ದೀಪದ ಎದುರು, ಉರಿಯುವ ಒಲೆಯ ಬಳಿ ಸ್ಪ್ರೇ ಮಾಡಬೇಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಡಬ್ಬಿ ಬಿಡಬೇಡಿ. ಮುಗಿದ ಡಬ್ಬಿಗೆ ಮೊಳೆ ಹೊಡೆಯುವುದೂ ಬೇಡ, ಕಸದ ಬೆಂಕಿಗೆ ಎಸೆಯುವುದೂ ಬೇಡ. 2016ರ ಘನತ್ಯಾಜ್ಯ ನಿಯಮಗಳು ಕೀಟನಾಶಕದ ಡಬ್ಬಿಯನ್ನು ಅಪಾಯಕಾರಿ ಕಸದ ಪಟ್ಟಿಗೇ ಸೇರಿಸಿದ್ದವು, ಬೇರೆಯಾಗಿಯೇ ಕೊಡಿ. ಅಜ್ಜಿಯ ಫ್ಲಿಟ್ ಪಂಪಿನಲ್ಲಿ ಒತ್ತಡವಿದ್ದದ್ದು ಕೈ ಆಡುವಷ್ಟು ಹೊತ್ತು ಮಾತ್ರ. ನಿಮ್ಮ ಡಬ್ಬಿಯಲ್ಲಿ ಔಷಧಿ ಮುಗಿದ ಮೇಲೂ ಅದು ಒಳಗೇ ಕೂತಿರುತ್ತದೆ.